ನೀರು ನಿಂತ ಮೂಲೆ

ಶಹಾಬಾದಿನ ಟೇಲರಮ್ಮನ ಮನೆಯಲ್ಲಿ ಆ ಭಾನುವಾರ ನನ್ನ ಕಥೆಯನ್ನು ಕೊನೆಯ ಪುಟದ ತನಕ ಓದಿ ನಿಲ್ಲಿಸಿದಾಗ, ಒಂದೇ ಒಂದು ತೊಗರಿ ಕಾಳೂ ಕಳ್ಳನ ಬಟ್ಟಲಿಗೆ ಬೀಳಲಿಲ್ಲ. ಎಷ್ಟು ಹಿಗ್ಗಿದೆ ಅಂತೀರಿ! ಮೇಲಕ್ಕೆ ಹಾರುವುದೊಂದು ಬಾಕಿ.

ಈ ಕಾಳಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರುಗಳ ಹನ್ನೊಂದು ಹೆಂಗಸರು ಸೇರಿ ಪತ್ತೇದಾರಿ ಕಥೆಗಳ ಸಂಕಲನವೊಂದನ್ನು ತರಲು ಹೊರಟಿದ್ದೆವು. ಹೆಂಗಸರು ಬರೆದರೆ ಅತ್ತೆ, ಅಳು, ಅಡುಗೆಮನೆ, ಅಷ್ಟೇ ಎಂದು ತಿಳಿದವರಿಗೆ ಒಂದು ಕೈ ತೋರಿಸಬೇಕೆಂಬ ಹಟ. ಅದಕ್ಕೆ ಸಂಪಾದಕಿ ನಾನು. ಕೇಳುಗರ ಎದುರು ಪಾಸಾಗದ ಕಥೆ ಅಚ್ಚಿಗೆ ಹೋಗಬಾರದು ಎಂದು ನಾವೇ ಒಂದು ಕಟ್ಟಳೆ ಮಾಡಿಕೊಂಡಿದ್ದೆವು. ಬರೆದವಳು ಕಥೆ ಓದಬೇಕು, ಗುಟ್ಟು ಒಡೆಯುವ ಕೊನೆಯ ಪುಟಕ್ಕೆ ನಿಲ್ಲಬೇಕು. ಕಥೆಯಲ್ಲಿ ಯಾರ ಯಾರ ಮೇಲೆ ಸಂಶಯವೋ ಅವರ ಹೆಸರಿಗೊಂದರಂತೆ ಬಟ್ಟಲು. ಕೇಳಲು ಬಂದ ಪ್ರತಿಯೊಬ್ಬರ ಕೈಯಲ್ಲಿ ಒಂದೊಂದು ತೊಗರಿ ಕಾಳು. ತಮಗೆ ಸಂಶಯವಿದ್ದವರ ಬಟ್ಟಲಿಗೆ ಹಾಕಬೇಕು. ಎಲ್ಲ ಕಾಳು ಕಳ್ಳನ ಬಟ್ಟಲಿಗೇ ಬಿದ್ದರೆ ಕಥೆ ಫೇಲ್. ಇನ್ನು ಕೊನೆಯ ಪುಟ ಓದಿದ ಮೇಲೆ ‘ಅಯ್ಯ, ಹೌದಲ್ಲ!’ ಎನ್ನದೆ ‘ಇದು ಹ್ಯಾಂಗ ಸಾಧ್ಯ?’ ಅಂದರೂ ಫೇಲ್. ಚಿಂಚೋಳಿಯ ನರ್ಸ್ ಒಬ್ಬರ ಕಥೆ ಮೂರು ಸಲ ಫೇಲಾಗಿ ನಾಲ್ಕನೆಯ ಸಲ ಪಾಸಾಗಿತ್ತು. ಹತ್ತು ಕಥೆಗಳೂ ಹೀಗೆ ಸೋಸಿ ಬಂದವು. ಉಳಿದದ್ದು ನನ್ನದೊಂದು. ಪುಸ್ತಕದ ಮೊದಲ ಕಥೆ ಅದೇ ಎಂದು ನಾನು ಯಾರನ್ನೂ ಕೇಳದೆ ನಿರ್ಧರಿಸಿಯೂ ಆಗಿತ್ತು.

ನಾನು ಚಿತ್ತಾಪುರದ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡುವವಳು. ಸಾಕ್ಷ್ಯ ಅಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಧಿಮಾಕು ಇತ್ತು, ಒಪ್ಪಿಕೊಳ್ಳುತ್ತೇನೆ. ನನ್ನ ಕಥೆಯಲ್ಲಿ ಹಳೆಯ ವಾಡೆಯೊಂದರಿಂದ ಬೆಳ್ಳಿಯ ಕರಡಿಗೆ ಕಳುವಾಗುತ್ತದೆ. ತನಿಖೆಗೆ ಬಂದ ಹೆಣ್ಣು ಸಬ್ ಇನ್‌ಸ್ಪೆಕ್ಟರ್ ನೆಲವನ್ನು ನೋಡುತ್ತಾಳೆ. ಹಾಸಿದ ಫರಸಿ ಕಲ್ಲುಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಹೊಳೆಯುತ್ತಿದೆ. ಎತ್ತಿಸಿದರೆ ಕೆಳಗೆ ಕರಡಿಗೆ. ಇಟ್ಟವನು ಸಣಕಲು ಗುಮಾಸ್ತ. ಕೊನೆಯ ಪುಟ ಓದಿ ತಲೆ ಎತ್ತಿದೆ. ಚಪ್ಪಾಳೆ ಬೀಳುತ್ತದೆ ಎಂದುಕೊಂಡಿದ್ದೆ.

ಬಾಗಿಲ ಹತ್ತಿರ ಕುಳಿತಿದ್ದ ಒಬ್ಬರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಟೇಲರಮ್ಮನ ಪಕ್ಕದ ಮನೆಯವರು, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಅಂದು ರಜೆ ಅಂತ ಕೇಳಲು ಬಂದಿದ್ದರು. ಅವರನ್ನು ನಾನು ಇಲ್ಲಿ ಪಾಲಿಶ್ ಅಕ್ಕ ಎಂದೇ ಕರೆಯುತ್ತೇನೆ.

“ಏನಾಯ್ತು ಅಕ್ಕಾ?” ಎಂದೆ. ದನಿ ಸ್ವಲ್ಪ ಬಿರುಸಾಗಿಯೇ ಇತ್ತು.

“ಸಿಟ್ಟಾಗಬ್ಯಾಡ್ರಿ ಮೇಡಂ. ಕಥಿ ಭಾಳ ಛಲೋ ಅದ. ಆದ್ರ ಎತ್ತಿದ್ದೂ ಅದಾ ಕಲ್ಲು, ಇಟ್ಟಿದ್ದೂ ಅದಾ ಕಲ್ಲು. ನಡುವ ಹೊಳಪು ಎಲ್ಲಿಂದ ಬಂತ್ರಿ? ಗುಮಾಸ್ತ ಏನು ಪಾಲಿಶ್ ಮಷಿನ್ ತಂದಿದ್ದನೇನು?”

ಪಡಸಾಲೆಗೆ ಪಡಸಾಲೆಯೇ ಗೊಳ್ಳೆಂದಿತು. ನಮ್ಮ ಹನ್ನೊಂದು ಜನರಲ್ಲಿ ಒಬ್ಬರಾದ ಟೇಲರಮ್ಮ ಕೂಡ ನಕ್ಕರು, ನನ್ನ ಕಡೆಯವರಾಗಿ!

“ಮತ್ತ ಇನ್ನೊಂದು. ಎರಡು ಫೂಟಿನ ಫರಸಿ, ಆ ಹಂಚೀಕಡ್ಡಿಯಂಥಾ ಮನುಷ್ಯ ಒಬ್ಬನೇ ಹ್ಯಾಂಗ ಎತ್ತತಾನ್ರಿ? ಕಲ್ಲಿನ ಖಣಿಯಾಗ ದುಡದಾಂವ ಕಬ್ಬಿಣದ ಹಾರಿ ಹಾಕಿ ಒಬ್ಬನೇ ಎಬ್ಬಸ್ತಾನ, ಅದು ಬ್ಯಾರೆ. ಉಳದೋರು ಒಬ್ಬರೇ ಎತ್ತಾಕ ಹೋದ್ರ ಮೂಲಿ ಮುರೀತದ. ಇಬ್ರು ಬೇಕು.”

ಹುಟ್ಟಿದಾಗಿನಿಂದ ಇದೇ ಕಲ್ಲಿನ ಮೇಲೆ ಅಂಬೆಗಾಲಿಟ್ಟು, ಓಡಾಡಿ, ಉಂಡು, ಮಲಗಿ ಬೆಳೆದವಳು ನಾನು. ನಮ್ಮ ಮನೆಗೆ ಟೈಲ್ಸ್ ಬಂದ ಮೇಲೆ ಕಲ್ಲನ್ನು ಮರೆತೇಬಿಟ್ಟಿದ್ದೆ. ಇಡೀ ದೇಶಕ್ಕೆ ನೆಲ ಹಾಸುವ ಸೀಮೆಯಲ್ಲಿ ಕುಳಿತು ನೆಲದ ಬಗ್ಗೆಯೇ ಸುಳ್ಳು ಬರೆದಿದ್ದೆನಲ್ಲ! ಕಟ್ಟಳೆ ಕಟ್ಟಳೆಯೇ. ನನ್ನ ಕಥೆ ಫೇಲ್.

ಫೇಲಾದರೆ ತಿದ್ದೋಣ ಎನ್ನುವಷ್ಟು ಪುರಸೊತ್ತು ಇರಲಿಲ್ಲ. ಪ್ರಕಾಶಕರು ಖಡಕ್ ಮನುಷ್ಯ. ಗುರುವಾರ ಬೆಳಿಗ್ಗೆ ಫೈಲು ಕೈಗೆ ಬರಬೇಕು, ಇಲ್ಲದಿದ್ದರೆ ಶಾಲೆಯ ಗೈಡುಗಳು ಮಷಿನ್ ಏರುತ್ತವೆ, ಆಮೇಲೆ ನಿಮ್ಮ ಪುಸ್ತಕ ದಸರೆ ಆದ ಮೇಲೆ ನೋಡೋಣ ಎಂದಿದ್ದರು. ‘ನೋಡೋಣ’ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಹೋಗಲಿ, ನನ್ನ ಕಥೆ ತೆಗೆದು ಹತ್ತೇ ಕಥೆ ಕೊಡೋಣವೆಂದರೆ ಮುಖಪುಟ ಆಗಲೇ ಅಚ್ಚಾಗಿ ಬಂದಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಹನ್ನೊಂದು ಪತ್ತೇದಾರಿ ಕಥೆಗಳು’. ನನ್ನ ಕಥೆ ಹದಿನಾರು ಪುಟ, ಅಂದರೆ ಒಮ್ಮೆಗೆ ಅಚ್ಚಾಗಿ ಮಡಚಿಕೊಳ್ಳುವ ಸರಿಯಾಗಿ ಒಂದು ಫಾರ್ಮು. ಪುಸ್ತಕದ ಬಾಗಿಲಲ್ಲೇ ಅಷ್ಟು ದೊಡ್ಡ ಗುಂಡಿ ಬಿದ್ದಿತ್ತು. ಅದರಲ್ಲಿ ಉಳಿದ ಹತ್ತು ಜನರ ಶ್ರಮವೂ ಮುಳುಗುತ್ತಿತ್ತು.

ಸೋಮವಾರದಿಂದ ಮೂರು ದಿನ ಕೋರ್ಟಿಗೆ ರಜೆ ಹಾಕಿದೆ. ಮೊದಲು ತೇಪೆ ಹಚ್ಚಲು ನೋಡಿದೆ. ಗುಮಾಸ್ತನಿಗೊಬ್ಬ ಜೊತೆಗಾರನನ್ನು ಕೊಟ್ಟೆ. ಹೊಳಪಿನ ಜಾಗದಲ್ಲಿ ಸದ್ದು ತಂದೆ. ಸಬ್ ಇನ್‌ಸ್ಪೆಕ್ಟರ್ ಲಾಠಿಯಿಂದ ನೆಲ ಬಡಿಯುತ್ತ ಬರುತ್ತಾಳೆ, ಒಂದು ಕಲ್ಲು ಪೊಳ್ಳು ಸದ್ದು ಮಾಡುತ್ತದೆ. ಆಹಾ, ಎಂಥ ಬುದ್ಧಿ ನನ್ನದು ಎಂದುಕೊಂಡು ಟೇಲರಮ್ಮನಿಂದ ನಂಬರು ಪಡೆದು ಪಾಲಿಶ್ ಅಕ್ಕನಿಗೆ ಫೋನು ಹಚ್ಚಿದೆ. ಹಿಂದೆ ಮಷಿನ್ ಕಿರ್ರೆನ್ನುತ್ತಿತ್ತು.

“ಮೇಡಂ, ಹಳೀ ಮನಿಯಾಗ ಫರಸಿ ಬರೀ ಮಣ್ಣಿನ ಮ್ಯಾಲ ಹಾಸಿರ್ತಾರ್ರಿ. ಎಲ್ಲಿ ಬಡದ್ರೂ ಪೊಳ್ಳೇ ಕೇಳ್ತದ. ನಿಮ್ಮ ಪೊಲೀಸ್ ಮೇಡಂ ಇಡೀ ಮನಿ ಕೀಳಬೇಕಾಗ್ತದ!”

“ಹಂಗಾದರೆ ನೀವು ಹೇಗೆ ಹಿಡೀತಿದ್ರಿ ಅಕ್ಕಾ?” ಸಿಟ್ಟಿನಲ್ಲೇ ಕೇಳಿದೆ.

“ನಾನಾ? ನೀರು ಹಾಕ್ತಿದ್ದೆ.”

“ನೀರು?”

“ಫೋನಿನ್ಯಾಗ ತಿಳಿಯಂಗಿಲ್ಲರಿ. ನಾಳಿ ಊಟದ ಹೊತ್ತಿಗಿ ಇಲ್ಲೇ ಬರ್ರಿ, ತೋರಸ್ತೀನಿ.”

ಮಂಗಳವಾರ ಚಿತ್ತಾಪುರದಲ್ಲಿ ಪ್ಯಾಸೆಂಜರ್ ಹತ್ತಿ, ವಾಡಿಯಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿದು ಶಹಾಬಾದಿಗೆ ಹೋದೆ. ಪಾಲಿಶ್ ಕಾರ್ಖಾನೆಯಲ್ಲಿ ಕಾಲಿಟ್ಟಲ್ಲೆಲ್ಲ ಬಿಳಿ ಕೆಸರು. ಊಟದ ಹೊತ್ತು, ಮಷಿನ್‌ಗಳು ನಿಂತಿದ್ದವು. ಅಕ್ಕ ಜೋಳದ ರೊಟ್ಟಿಯ ಗಂಟನ್ನು ಪಕ್ಕಕ್ಕಿಟ್ಟು, ಇನ್ನೂ ಪಾಲಿಶ್ ಕಾಣದ ಒಂದು ಒರಟು ಫರಸಿಯನ್ನು ಇನ್ನೊಬ್ಬ ಹೆಂಗಸಿನ ಜೊತೆ ಹಿಡಿದು ನೆಲಕ್ಕೆ ಮಲಗಿಸಿದರು. ಅದರ ಮೇಲೆ ಒಂದು ತಂಬಿಗೆ ನೀರು ಸುರಿದರು. ನೀರು ಹರಿದುಹೋಯಿತು. ಒಂದು ಮೂಲೆಯಲ್ಲಿ ಮಾತ್ರ ಅಂಗೈಯಷ್ಟು ನಿಂತಿತು.

“ಎಲ್ಲಿ ನಿಂತದ ನೋಡ್ರಿ.”

“ನನ್ನ ಬಲಕ್ಕೆ.”

ಇಬ್ಬರೂ ಕಲ್ಲನ್ನು ಎತ್ತಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಅಲ್ಲೇ ಮಲಗಿಸಿದರು. ಮತ್ತೆ ನೀರು. ಈಗ ನೀರು ನನ್ನ ಎಡಕ್ಕೆ ನಿಂತಿತು.

“ಫರಸಿ ಎಲ್ಲಾ ಸಪಾಟ ಇರಂಗಿಲ್ಲರಿ. ಒಂದೊಂದಕ್ಕ ಒಂದೊಂದು ಕಡಿ ತಗ್ಗು ಇರ್ತದ. ದಿನಾ ನೆಲ ಒರಸಾಕಿಗಿ ಯಾವ ಫರಸಿಯಾಗ ಎಲ್ಲಿ ನೀರು ನಿಲ್ತದ ಅಂತ ಕಣ್ಣು ಮುಚ್ಚಿದ್ರೂ ಗೊತ್ತಿರ್ತದ. ಎತ್ತಿದಾಂವ ಗಡಿಬಿಡಿಯಾಗ ಕಲ್ಲು ತಿರಗಿಸಿ ಹಾಕಿರ್ತಾನ. ಚೌಕ ಇರ್ತದಲ್ಲ, ಹ್ಯಾಂಗಿಟ್ರೂ ಕುಂದರ್ತದ. ಅವಂಗ ಗೊತ್ತಾಗಂಗಿಲ್ಲ. ಆದ್ರ ಮರುದಿನ ನೀರು ಬ್ಯಾರೆ ಮೂಲ್ಯಾಗ ನಿಲ್ತದ.”

ದೇವರಾಣೆ ಹೇಳುತ್ತೇನೆ, ನನ್ನ ಮೈಮೇಲೆ ಮುಳ್ಳು ಎದ್ದವು. ಇಷ್ಟು ವರ್ಷ ಸಾಕ್ಷಿ ಹೇಳಿಕೆ ಟೈಪು ಮಾಡಿದ್ದೇನೆ, ಇಂಥ ಸಾಕ್ಷ್ಯ ನೋಡಿರಲಿಲ್ಲ. “ಅಕ್ಕಾ, ಅಕ್ಕಾ!” ಎಂದು ಆ ಕೆಸರಿನಲ್ಲೇ ಅವರ ಕೈ ಹಿಡಿದು ಕುಣಿದೆ. ಅಲ್ಲಿದ್ದ ಹೆಂಗಸರು ಈ ಮೇಡಂಗೆ ಏನಾಯಿತು ಎಂದು ನೋಡಿದರು.

“ಇದು ನಿಮಗೆ ಹೇಗೆ ಹೊಳೀತು ಅಕ್ಕಾ?”

ಅಕ್ಕ ರೊಟ್ಟಿ ಬಿಚ್ಚಿ ಅರ್ಧ ನನ್ನ ಕೈಗೆ ಕೊಟ್ಟರು. “ಹೊಳಿಲಿಲ್ಲರಿ, ನೋಡೀನಿ. ನಾ ಏಳನೇ ಕ್ಲಾಸಿನ್ಯಾಗ ಇದ್ದೆ. ಇನ್ನ ಸಾಲಿ ಸಾಕು ಅಂದ ನಮ್ಮಪ್ಪ. ನಾ ಕೇಳ್ಲಿಲ್ಲ, ಹೋಗಾವಳೇ ಅಂದೆ. ಒಂದಿನ ಎದ್ದು ನೋಡ್ತೀನಿ, ಪಾಟಿಚೀಲನೇ ಇಲ್ಲ. ಪುಸ್ತಕ ಸುಟ್ರ ಪಾಪ ಹತ್ತತದಂತ ಹೆದರಿಕಿ ಅವಂಗ. ಸುಡಲಿಲ್ಲ. ಒಳಮನಿ ಫರಸಿ ಎಬ್ಬಿಸಿ ಕೆಳಗ ಹುಗದಾನ. ಖಣಿ ಮನುಷ್ಯ, ಅವಂಗೇನು ಭಾರ? ಮೂರನೇ ದಿನ ನೆಲ ಒರಸಬೇಕಾದ್ರ ನೀರು ಈಕಡಿ ನಿಂತಿತ್ತು. ಯಾವಾಗಲೂ ಆಕಡಿ ನಿಲ್ತಿತ್ತು.”

“ಆಮೇಲೆ?”

“ಆಮ್ಯಾಗೇನು? ಬೆರಳು ಹಾಕಿ ನೋಡ್ದೆ. ಅಲಗ್ಯಾಡ್ಲಿಲ್ಲ. ಒಬ್ಬಾಕಿಗಿ ಏಳತದೇನ್ರಿ? ಯಾರಿಗೂ ಹೇಳ್ಲಿಲ್ಲ. ದಿನಾ ಅದರ ಮ್ಯಾಲ ನೀರು ಒರಸ್ಕೋತ ಕುಂತೆ. ಎಷ್ಟೋ ವರ್ಷದ ಮ್ಯಾಲ ಮನಿ ಬಿಚ್ಚಿದಾಗ ಚೀಲ ಸಿಕ್ತು, ಗೆದ್ದಲು ತಿಂದಿತ್ತು.” ಅಷ್ಟು ಹೇಳಿ, “ಪಲ್ಯ ಹಾಕೋರಿ, ಬರೀ ರೊಟ್ಟಿ ತಿನ್ನಾಕತ್ತೀರಿ” ಎಂದರು.

ವಾಪಸು ವಾಡಿಗೆ ಬಂದೆ. ಪುಸ್ತಕದ ಪುಟ ಕಟ್ಟುತ್ತಿದ್ದ ಗೆಳತಿಯ ಡಿಟಿಪಿ ಅಂಗಡಿ ಸ್ಟೇಶನ್ ಹತ್ತಿರವೇ ಇದೆ. ಅವಳಿಗೆ ನೀರಿನ ಸುದ್ದಿ ಒಂದೇ ಉಸಿರಿಗೆ ಹೇಳಿದೆ. ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

“ಯವ್ವಾ! ಮಸ್ತ್ ಅದ! ನಿನ್ನ ಕಥ್ಯಾಗ ಹೊಳಪು ತಗದು ನೀರು ಹಾಕು. ಅರ್ಧ ತಾಸಿನ ಕೆಲಸ. ಪುಟಾನೂ ಬದಲಾಗಂಗಿಲ್ಲ.”

ಅವಳು ಹೇಳಿದ್ದು ಸರಿಯೇ ಇತ್ತು. ಕಂಪ್ಯೂಟರಿನ ಎದುರು ಕುಳಿತೆ. ಹೊಳಪು ಎಂದಿದ್ದ ಸಾಲಿಗೆ ಕರ್ಸರ್ ಒಯ್ದೆ. ಕಥೆ ಬದುಕುತ್ತದೆ, ಪುಸ್ತಕ ಬದುಕುತ್ತದೆ, ಮೊದಲ ಪುಟದಲ್ಲಿ ನನ್ನ ಹೆಸರು ಇರುತ್ತದೆ. ಆಸೆ ಆಗಲಿಲ್ಲ ಎಂದರೆ ಸುಳ್ಳು. ಭಾಳ ಆಸೆಯಾಯಿತು. ಆದರೆ ಟೈಪು ಮಾಡಲು ಬೆರಳು ಏಳಲಿಲ್ಲ. ಕೋರ್ಟಿನಲ್ಲಿ ಎಷ್ಟು ಹೇಳಿಕೆ ಟೈಪು ಮಾಡಿದ್ದೇನೋ ಲೆಕ್ಕವಿಲ್ಲ. ಅಕ್ಷರ ನನ್ನದು, ಮಾತು ಸಾಕ್ಷಿಯದು. ಕೆಳಗೆ ರುಜು ಹಾಕುವವರು ಹೇಳಿದವರೇ. ಒಂದು ದಿನವೂ ನಾನು ನನ್ನ ರುಜು ಹಾಕಿದ್ದಿಲ್ಲ.

ಆ ನೀರು ಅಕ್ಕನದು. ಒಮ್ಮೆ ಅವರ ಚೀಲ ಕಲ್ಲಿನ ಕೆಳಗೆ ಹೋಗಿತ್ತು. ಈಗ ನನ್ನ ಹೆಸರಿನ ಕೆಳಗೆ ಅವರ ಕಥೆ ಹೋಗುವುದೇ?

“ನನ್ನ ಕಥೆ ತೆಗಿ” ಎಂದೆ ಗೆಳತಿಗೆ.

“ತಲಿ ಕೆಟ್ಟದೇನು? ನಾಡದ್ದೇ ಗುರುವಾರ!”

“ತೆಗಿ ಅಂದ್ರ ತೆಗಿ. ಹದಿನಾರು ಪುಟ ಖಾಲಿ ಇಡು.”

ಅಕ್ಕನಿಗೆ ಫೋನು ಮಾಡಿ, “ಮೊದಲನೇ ಕಥೆ ನೀವೇ ಹೇಳ್ರಿ” ಎಂದೆ.

“ನಾ ಏಳನೇ ಕ್ಲಾಸ್ ಪೂರಾ ಮಾಡಿದಾಕೀನೂ ಅಲ್ಲರಿ ಮೇಡಂ.”

“ನನ್ನ ಕಥೆಯ ತಪ್ಪು ಹಿಡಿಯಲಿಕ್ಕೆ ಅಷ್ಟು ಸಾಕಾಯ್ತಲ್ಲ? ನೀವು ಹೇಳ್ರಿ, ನಾನು ಟೈಪ್ ಮಾಡ್ತೀನಿ. ನಿಮ್ಮ ಮಾತು, ನಿಮ್ಮ ಹೆಸರು.”

ಆ ಸಂಜೆಯಿಂದ ಬುಧವಾರ ಮಧ್ಯಾಹ್ನದ ತನಕ ಧ್ವನಿ ಸಂದೇಶಗಳು ಒಂದರ ಹಿಂದೊಂದು ಬಂದವು. ಕೆಲವುಗಳಲ್ಲಿ ಮಷಿನ್ ಸದ್ದು, ಕೆಲವುಗಳಲ್ಲಿ ಒಗ್ಗರಣೆಯ ಸದ್ದು, ಒಂದರಲ್ಲಿ ಕೋಳಿ. ಕಥೆ ಹೀಗಿತ್ತು: ದೊಡ್ಡ ಮನೆಯ ಅತ್ತೆಯ ಸೊಂಟದ ಬಂಗಾರದ ಡಾಬು ಕಳುವಾಗಿದೆ. ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಮುಖ ಕೊಟ್ಟು ಮಾತಾಡದ ಇಬ್ಬರು ಸೊಸೆಯಂದಿರು. ಎಲ್ಲರೂ ಬೆರಳು ತೋರಿಸುವುದು ನೆಲ ಒರೆಸುವ ಹೆಂಗಸಿನ ಕಡೆಗೆ. ತನ್ನ ಮೇಲಿನ ಆರೋಪ ಕಳೆದುಕೊಳ್ಳಲು ಅವಳೇ ಪತ್ತೇದಾರಳಾಗುತ್ತಾಳೆ. ಟೈಪು ಮಾಡುತ್ತ ಮಾಡುತ್ತ ಮುಂದೇನು, ಮುಂದೇನು ಎಂದು ನಾನು ಚಡಪಡಿಸಿದೆ. ಊಟ ಬಿಟ್ಟೆ. ಇನ್ನೂ ಸಂದೇಶ ಬಂದಿಲ್ಲವೆಂದು ಫೋನು ಮಾಡಿ ಬೈಸಿಕೊಂಡೆ: “ತಡೀರಿ ಮೇಡಂ, ಕಲ್ಲು ಮಷಿನ್ ಮ್ಯಾಲ ಅದ!” ನಾನು ಸೇರಿಸಿದ್ದು ಬರೀ ಪೂರ್ಣವಿರಾಮ, ಅಲ್ಪವಿರಾಮ. ಕೊನೆಯ ಸಂದೇಶ ಕೇಳಿದಾಗ ಗೆಳತಿಯೂ ನಾನೂ ಮುಖ ಮುಖ ನೋಡಿಕೊಂಡು ಕಿರುಚಿದೆವು. ಪಕ್ಕದ ಚಹಾ ಅಂಗಡಿಯವನು ಇಣುಕಿ ನೋಡಿದ.

ಬುಧವಾರ ಸಂಜೆ ಇನ್ನೊಂದು ಗ್ರಹಚಾರ. ನಾನು ಟೈಪು ಮಾಡಿದ್ದನ್ನು ಪುಟ ಕಟ್ಟುವ ಸಾಫ್ಟ್‌ವೇರಿಗೆ ಹಾಕಿದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಅಕ್ಕ, ಅತ್ತೆ, ಕಲ್ಲು, ಮೂರೂ ಹಾಳು. ಗೆಳತಿ ಮೊದಲ ಪುಟದಿಂದ, ನಾನು ಕೊನೆಯ ಪುಟದಿಂದ ಒಂದೊಂದೇ ಒತ್ತು ಕೂಡಿಸುತ್ತ ಬಂದು ಎಂಟನೆಯ ಪುಟದಲ್ಲಿ ಭೇಟಿಯಾದೆವು. ಕಥೆ ಹದಿನೈದೂವರೆ ಪುಟಕ್ಕೆ ನಿಂತಿತು. ಸರಿಯಾಗಿ ಒಂದು ಫಾರ್ಮು!

ಫೈಲು ಕಳಿಸುವ ಮುನ್ನ ಹೆಸರಿನ ಬಗ್ಗೆ ಮತ್ತೊಮ್ಮೆ ಕೇಳಿದೆ. ಮನೆಯಲ್ಲಿ ತೊಂದರೆಯಾಗುವುದಾದರೆ ಬೇರೆ ಹೆಸರು ಹಾಕೋಣ ಎಂದೆ.

“ನಮ್ಮಪ್ಪ ಈಗ ಇಲ್ಲರಿ” ಎಂದರು ಅಕ್ಕ. “ಹೆಸರು ಹಾಕ್ರಿ. ಪೂರಾ ಹೆಸರು ಹಾಕ್ರಿ.”

ಫೈಲು ಹೋಯಿತು. ಪ್ರಕಾಶಕರಿಂದ ‘ಬಂತು’ ಎಂಬ ಒಂದೇ ಪದದ ಉತ್ತರ ಬಂತು. ಆಗ ನೆನಪಾಯಿತು: ಕಟ್ಟಳೆ ಮುರಿದಿದ್ದೆ. ಪುಸ್ತಕದ ಮೊದಲ ಕಥೆಯನ್ನೇ ಯಾರೂ ಕೇಳಿರಲಿಲ್ಲ, ಒಂದು ಕಾಳೂ ಬಿದ್ದಿರಲಿಲ್ಲ. ಜನ ಒಂದೇ ಏಟಿಗೆ ಗುಟ್ಟು ಹಿಡಿದುಬಿಟ್ಟರೆ? ಹತ್ತು ಜನರ ಮುಂದೆ ನನ್ನ ಮುಖ, ಊರ ಮುಂದೆ ಅಕ್ಕನ ಮುಖ ಏನಾಗಬೇಕು? ನರ್ಸ್ ಅಂತೂ ಫೋನಿನಲ್ಲೇ ನನ್ನನ್ನು ತರಾಟೆಗೆ ತೆಗೆದುಕೊಂಡರು: “ನನ್ನ ಕಥಿ ಮೂರು ಸಲ ಫೇಲ್ ಮಾಡಿದ್ರಿ. ಆಕಿದು ಒಂದು ಸಲಾನೂ ಕೇಳ್ಲಿಲ್ಲೇನು?” ಬಿಡುಗಡೆಯ ದಿನವೇ ಪರೀಕ್ಷೆಯಾಗಲಿ ಎಂದೆ.

ಬಿಡುಗಡೆ ಟೇಲರಮ್ಮನ ಓಣಿಯ ಸಮುದಾಯ ಭವನದಲ್ಲಿ. ಹನ್ನೊಂದು ಜನ ಬರೆದವರು, ಪಾಲಿಶ್ ಕಾರ್ಖಾನೆಯ ಹೆಂಗಸರು, ಓಣಿಯವರು, ಮೂಲೆಯಲ್ಲಿ ಕೈಕಟ್ಟಿ ಕುಳಿತ ಪ್ರಕಾಶಕರು. ಹಾರ ತುರಾಯಿ ಮುಗಿದ ಮೇಲೆ ಐದು ಬಟ್ಟಲು ಸಾಲಾಗಿಟ್ಟೆವು: ದೊಡ್ಡ ಮಗ, ಸಣ್ಣ ಮಗ, ದೊಡ್ಡ ಸೊಸೆ, ಸಣ್ಣ ಸೊಸೆ, ನೆಲ ಒರೆಸುವ ಹೆಂಗಸು. ಎಲ್ಲರ ಕೈಗೂ ಒಂದೊಂದು ತೊಗರಿ ಕಾಳು ಕೊಟ್ಟೆವು. ಅಕ್ಕ ತಮ್ಮ ಕಥೆಯನ್ನು ತಾವೇ ಓದಿದರು, ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ. ನೀರು ಬೇರೆ ಮೂಲೆಯಲ್ಲಿ ನಿಂತ ಜಾಗಕ್ಕೆ ಬಂದಾಗ ದನಿ ಗಟ್ಟಿಯಾಯಿತು. ಕೊನೆಯ ಪುಟಕ್ಕೆ ನಿಲ್ಲಿಸಿದರು.

ಕಾಳುಗಳು ಟಣ್ ಟಣ್ ಎಂದು ಬಿದ್ದವು. ದೊಡ್ಡ ಮಗನಿಗೆ ರಾಶಿ, ಸಣ್ಣ ಮಗನಿಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಉಳಿದವು ಅಲ್ಲೊಂದು ಇಲ್ಲೊಂದು. ನರ್ಸ್ ಕೂಡ ದೊಡ್ಡ ಮಗನಿಗೇ ಹಾಕಿದ್ದರು! ನಾನು ಖುಷಿಯಿಂದ ಟೇಲರಮ್ಮನ ಭುಜ ಹಿಂಡಿದೆ.

ಆಗ ಕೊನೆಯ ಸಾಲಿನಿಂದ ಒಬ್ಬರು ವಯಸ್ಸಾದವರು ಎದ್ದು ಬಂದರು. ಅಕ್ಕನ ತಾಯಿ. ಅಂಗೈಯಲ್ಲಿ ಕಾಳು ಇನ್ನೂ ಹಾಗೇ ಇತ್ತು. ಬಟ್ಟಲುಗಳ ಮುಂದೆ ನಿಂತು, “ಇನ್ನೊಂದು ಕಾಳು ಕೊಡ್ರಿ” ಎಂದರು.

“ಒಬ್ಬರಿಗೆ ಒಂದೇ, ಅಮ್ಮಾ” ಎಂದೆ.

“ಒಂದು ಸಾಲಂಗಿಲ್ಲ.”

ಕೊಟ್ಟೆ. ಒಂದನ್ನು ದೊಡ್ಡ ಸೊಸೆಯ ಬಟ್ಟಲಿಗೆ ಹಾಕಿದರು, ಇನ್ನೊಂದನ್ನು ಸಣ್ಣ ಸೊಸೆಯ ಬಟ್ಟಲಿಗೆ.

ಅದೇ ಉತ್ತರ. ಎಲ್ಲರೆದುರು ಮುಖ ತಿರುಗಿಸಿಕೊಂಡಿರುತ್ತಿದ್ದ ಆ ಇಬ್ಬರು ಸೊಸೆಯಂದಿರೇ ಒಂದಾಗಿ ಕಲ್ಲು ಎತ್ತಿ ಡಾಬು ಹುಗಿದಿದ್ದರು. ವಾಡಿಯಲ್ಲಿ ನಾವಿಬ್ಬರು ಕಿರುಚಿದ್ದು ಅದಕ್ಕೇ.

ಅಕ್ಕ ಪುಸ್ತಕ ಹಿಡಿದುಕೊಂಡೇ ಕೇಳಿದರು: “ಯವ್ವಾ, ನಿನಗ ಹ್ಯಾಂಗ ಗೊತ್ತಾಯ್ತು?”

“ನೀರು ಬ್ಯಾರೆ ಮೂಲ್ಯಾಗ ನಿಂತದ ಅಂತ ನೀನಾ ಓದ್ದೆಲ್ಲ? ಗಂಡಮಕ್ಕಳು ಖಣಿ ಕೆಲಸದೋರಲ್ಲ, ಒಬ್ಬರಿಂದ ಫರಸಿ ಏಳಂಗಿಲ್ಲ. ಆ ಅಣ್ಣತಮ್ಮ ಕೂಡಿ ಎತ್ಯಾರಂದ್ರ, ಆವತ್ತ ಒಬ್ಬ ಇದ್ದಾಗ ಇನ್ನೊಬ್ಬ ಊರಾಗ ಇರಲಿಲ್ಲ ಅಂತ ಓದ್ದಿ. ಮತ್ತ ಯಾರು ಉಳದ್ರು?”

ಜನ ಚಪ್ಪಾಳೆ ಹೊಡೆದರು. ಅಕ್ಕ ಮಾತ್ರ ತಾಯಿಯನ್ನೇ ನೋಡುತ್ತಿದ್ದರು. ಚಪ್ಪಾಳೆ ನಿಂತ ಮೇಲೆ ಮೆಲ್ಲಗೆ ಕೇಳಿದರು: “ನಮ್ಮ ಮನ್ಯಾಗೂ ಒಳಮನಿಯಾಗ ನೀರು ಬ್ಯಾರೆ ಕಡಿ ನಿಂತಿತ್ತು. ನೀ ನೋಡಿದ್ದೇನು?”

“ನೋಡಿದ್ದೆ. ಅಮಾಸಿಗೊಮ್ಮೆ ಒಳಮನಿ ತೊಳಿಯಾಕಿ ನಾನಲ್ಲೇನು?”

“ಮತ್ತ ಯಾಕ ಹೇಳ್ಲಿಲ್ಲ?”

“ಒಂದಿನ ಬೆರಳು ಹಾಕಿ ನೋಡ್ದೆ. ಏಳಲಿಲ್ಲ.” ಖಾಲಿಯಾದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು. “ನೀನೂ ನೋಡೀಯಂತ ನನಗ ಗೊತ್ತಿರಲಿಲ್ಲ ನೋಡವ್ವ. ಗೊತ್ತಿದ್ರ ಇಬ್ರೂ ಹಿಡದು ಎತ್ತತಿದ್ವಿ.”

ಕೊನೆಯ ಪುಟ ಓದಲು ಅಕ್ಕನಿಂದ ಆಗಲಿಲ್ಲ. ನಾನು ಓದಿದೆ.